ಗೊಂಬೆಯಾಟದ ಕತ್ತಲಲ್ಲಿ ಬಿಟ್ಟ ಕೈ

ಕದರಮಂಡಲಗಿ
೨೪ ಫೆಬ್ರುವರಿ ೨೦೨೫, ಸೋಮವಾರ

ಚಿ. ಮಹೇಶ್ವರಿಗೆ, ನಿನ್ನ ಅತ್ತೆ ದೇವವ್ವ ಮನಸಾರೆ ಮಾಡುವ ಆಶೀರ್ವಾದ.

ಚಿರಂಜೀವಿ ಎಂದು ಬರೆದ ಮೇಲೆ ಸೌಭಾಗ್ಯವತಿ ಎಂದೂ ಬರೆಯುವುದು ರೂಢಿ. ಪೆನ್ನು ಅಲ್ಲಿಗೆ ಬಂದು ನಿಂತುಬಿಟ್ಟಿತು. ಆ ಸೌಭಾಗ್ಯ ನಿನಗೆ ಏನೇನು ಕೊಟ್ಟಿತೆಂದು ಕಣ್ಣಾರೆ ಕಂಡವಳು ನಾನು. ಅದಕ್ಕೇ ಬರೆಯಲಿಲ್ಲ. ತಪ್ಪು ತಿಳಿಯಬೇಡ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಾನು ಆರಾಮಾಗಿದ್ದೇನೆ. ಮೊನ್ನೆ ಬುಧವಾರ ಮುಮ್ತಾಜಬಿ ಹೊಲಿದ ಕುಪ್ಪಸ ಕೊಡುವ ನೆಪ ಮಾಡಿಕೊಂಡು ಬ್ಯಾಡಗಿಯಿಂದ ಬಂದಿದ್ದಳು. ನೀನು ಮೂರು ಸಲ ಫೋನು ಮಾಡಿ "ಅತ್ತಿ ಹೆಂಗದಾರ, ಎದಿನೋವ ಆಗಿತ್ತೇನು, ದವಾಖಾನಿಗೆ ತೋರಿಸಿದ್ರೇನು" ಎಂದು ಕೇಳಿದೆಯಂತೆ. ನನ್ನನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋದೆನಲ್ಲಾ ಎಂದು ಅತ್ತುಬಿಟ್ಟೆಯಂತೆ. ಅಳಬೇಡ. ನನಗೆ ಎದೆನೋವೂ ಆಗಿಲ್ಲ, ತಲೆಯೂ ಸುತ್ತಿಲ್ಲ. ಅಂದು ಹಾವೇರಿಯಲ್ಲಿ ಉತ್ಸವದ ಗೇಟಿನ ಬಳಿ ನೀನು ಕಂಡದ್ದು ರೋಗವಲ್ಲ. ಅದೇನು ಎಂದು ಮುಮ್ತಾಜಬಿಯ ಬಾಯಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಅದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕಾಗುತ್ತದೆ. ಅದನ್ನು ನಾನೇ ಹೇಳಬೇಕು. ಇವತ್ತು ಪೇಟೆಯ ದಿನ, ಮೈಲೇಶ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೋಗಿದ್ದಾನೆ, ಮಧ್ಯಾಹ್ನದವರೆಗೆ ಬರುವುದಿಲ್ಲ. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾಕೆಂದರೆ ಆ ದಿನ ನಾವಿಬ್ಬರೂ ಒಂದೇ ಕಡೆ ಇದ್ದರೂ ಬೇರೆ ಬೇರೆ ದಿನ ಕಳೆದೆವು.

ಕಲಾ ಉತ್ಸವದಲ್ಲಿ ಹಾಡಲು ನಮ್ಮ ಸಂಘದ ಸೋಬಾನೆ ತಂಡಕ್ಕೆ ಕರೆ ಬಂದಾಗ ಮೈಲೇಶ ನಿನ್ನನ್ನು ಕಳಿಸುವುದಿಲ್ಲ ಎಂದ. ಆಗ ಸಂಘದ ಅಧ್ಯಕ್ಷೆ ಉಡಚವ್ವ ನಮ್ಮ ಹೊಸ್ತಿಲ ಮೇಲೆ ಬಂದು ಕುಳಿತಳು. "ಆಕಿ ಇಲ್ಲದ ನಮ್ಮ ಹಾಡು ಮ್ಯಾಲೆ ಏಳಂಗಿಲ್ಲಪಾ ಮೈಲೇಶ, ಊರ ಮರ್ಯಾದಿ ಪ್ರಶ್ನೆ" ಎಂದಳು. ಊರ ಮರ್ಯಾದೆ ಎಂದ ಮೇಲೆ ಅವನು ಒಪ್ಪಿದ. ಆದರೆ ಹದಿಮೂರನೇ ತಾರೀಖಿನ ಗುರುವಾರ ಬೆಳಗ್ಗೆ ನೀವೆಲ್ಲ ಟೆಂಪೊ ಹತ್ತುತ್ತಿರುವಾಗ ನನ್ನನ್ನು ಪಕ್ಕಕ್ಕೆ ಕರೆದ.

"ಯವ್ವಾ, ಆಕಿ ಕೈ ಬಿಡಬ್ಯಾಡ. ಸಂಜಿ ಐದಕ್ಕ ನಾನ ಬಂದು ಕರಕೊಂಡ ಬರ್ತೇನಿ. ಅಲ್ಲಿತನಕ ಆಕಿ ನಿನ್ನ ಕಣ್ಣ ಮುಂದ ಇರಬೇಕು" ಎಂದ.

ನಾನು ಹೂಂ ಎಂದೆ. ಮನಸ್ಸಿನಿಂದಲೇ ಎಂದೆ, ಮಹೇಶ್ವರಿ. ಅದನ್ನು ಮುಚ್ಚಿಡುವುದಿಲ್ಲ.

ನಿನ್ನ ಮೇಲೆ ಮೊದಲ ಅನುಮಾನ ಬಂದದ್ದು ವೇದಿಕೆಯ ಹಿಂದೆ. ಹಾಡಲು ಹತ್ತು ನಿಮಿಷ ಇತ್ತು. ಸೆರಗಿಗೆ ಪಿನ್ನು ಹಾಕಲು ನನ್ನನ್ನು ಕರೆದೆ. ನಾನು ಬಾಗಿ ನಿರಿಗೆ ಸರಿ ಮಾಡುವಾಗ ಸೀರೆಯ ಒಳಗೆ ಹಸಿರು ಚೂಡಿದಾರ ಕಂಡಿತು. ನೀನು ಅದನ್ನು ಮೀನಖಂಡದವರೆಗೆ ಮಡಚಿದ್ದೆ. ಏನಿದು ಎಂದು ಕೇಳಿದೆ.

"ಚಳಿ ಅದ ಅತ್ತಿ" ಎಂದೆ ನೀನು.

ಹತ್ತೂವರೆಯ ಬಿಸಿಲಿಗೆ ನಿನ್ನ ಹಣೆಯ ಕುಂಕುಮ ಕರಗುತ್ತಿತ್ತು. ಮನೆಯಿಂದ ಹೊರಡುವಾಗ ಅವನು ನಿನ್ನ ಚೀಲ ಮಗುಚಿ ನೋಡುತ್ತಾನೆ ಎಂದು ನಿನಗೆ ಗೊತ್ತು. ಚೀಲದಲ್ಲಿ ಇಡಲಾಗದ್ದನ್ನು ಮೈಮೇಲೆ ಹಾಕಿಕೊಂಡು ಬಂದಿದ್ದೀ ಎಂದು ನನಗೆ ಆ ಕ್ಷಣಕ್ಕೇ ಹೊಳೆಯಿತು. ವೇದಿಕೆ ಹತ್ತಿದೆವು. ಎರಡನೆಯ ನುಡಿಯಲ್ಲಿ ನನ್ನ ಸಾಲು ತಪ್ಪಿತು, ನೆನಪಿದೆಯೇ? ಎಲ್ಲರೂ ವಯಸ್ಸಾಯಿತು ಎಂದುಕೊಂಡರು. ನೀನು ನನ್ನ ಕಡೆ ನೋಡದೆಯೇ ಆ ಸಾಲನ್ನು ಎತ್ತಿಕೊಂಡೆ, ಹಾಡು ಬೀಳಲಿಲ್ಲ. ಜನ ಚಪ್ಪಾಳೆ ಹೊಡೆದರು.

ಕೆಳಗಿಳಿದ ಕೂಡಲೇ ನಿನ್ನ ಮುಂಗೈ ಹಿಡಿದುಕೊಂಡೆ.

ಆಮೇಲೆ ನಮ್ಮ ಹೆಂಗಸರಿಗೆ ಹಿಡಿದ ಹುಚ್ಚು ನಿನಗೆ ಗೊತ್ತೇ ಇದೆ. ಕಾರ್ಯಕ್ರಮದ ಹಾಳೆಯಲ್ಲಿ ಇರುವುದನ್ನೆಲ್ಲ ನೋಡಲೇಬೇಕು! ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಟ. ಜಗ್ಗಲಗಿ ಮೇಳದವರು ಆಳೆತ್ತರದ ವಾದ್ಯಗಳನ್ನು ಉರುಳಿಸಿಕೊಂಡು ಬಂದಾಗ ಕಾಲ ಕೆಳಗಿನ ನೆಲವೇ ಬಡಿದುಕೊಳ್ಳುತ್ತಿತ್ತು. ನಿನ್ನ ಮುಂಗೈಯ ನಾಡಿ ಬೇರೆ, ಜಗ್ಗಲಗಿ ಬೇರೆ ಎಂದು ತಿಳಿಯದಷ್ಟು ಆ ಸದ್ದು ಜೋರಾಗಿತ್ತು. ಚಿತ್ರ ಪ್ರದರ್ಶನದ ಕೋಣೆಯಲ್ಲಿ ನೀನು ಒಂದು ಹೊಳೆಯ ಚಿತ್ರದ ಮುಂದೆ ನಿಂತು, "ನಮ್ಮ ಐರಣಿ ಹೊಳಿ ಥೇಟ್ ಹಿಂಗ ಕಾಣತೈತಿ ಅತ್ತಿ, ಮುಂಜಾನೆ ಹೊತ್ತಿಗೆ" ಎಂದೆ. ಮೂರು ವರ್ಷದಲ್ಲಿ ತವರಿನ ಮಾತು ನೀನು ನನ್ನ ಮುಂದೆ ಆಡಿದ್ದೇ ಕಡಿಮೆ. ಎರಡು ಸಲ ಓಡಿ ಹೋದಾಗಲೂ ನಿನ್ನ ಅಣ್ಣ ಬೀರಲಿಂಗಪ್ಪ ಮರುದಿನವೇ ತಂದು ಬಿಟ್ಟು ಹೋಗಿದ್ದ. ಆಮೇಲೆ ನೀನು ತವರಿನ ಹೆಸರು ಎತ್ತುವುದನ್ನೇ ಬಿಟ್ಟಿದ್ದೆ.

ಗೀಗೀ ಪದದ ಮೇಳದಲ್ಲಿ ಗಂಡಸಿನ ಸವಾಲಿಗೆ ಆ ಹಾಡುವವಳು ಕೊಟ್ಟ ಉತ್ತರಕ್ಕೆ ನೀನು ನಕ್ಕೆಯಲ್ಲ! ಬಾಯಿಗೆ ಸೆರಗು ಹಿಡಿಯುವುದನ್ನೂ ಮರೆತು ನಕ್ಕೆ. ನಿನ್ನ ನಗು ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ. ನಾನೂ ನಕ್ಕೆ. ನಗುತ್ತಲೇ ನಿನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದೆ. ಬಳೆಯ ಗುರುತು ಮೂಡಿತ್ತು, ಊಟದ ಸಾಲಿನಲ್ಲಿ ನಿಂತಾಗ ನೋಡಿದೆ.

ಊಟದ ಹೊತ್ತಿಗೆ ಮುಮ್ತಾಜಬಿ ಬಂದಳು. ಅವಳು ನಿನಗೆ ಹೊಲಿಗೆ ಕಲಿಸಿದವಳು, ಉತ್ಸವದಲ್ಲಿ ಕಸೂತಿಯ ಮಳಿಗೆ ಹಾಕಿದ್ದಾಳೆ, ಮಾತಾಡಿಸಲು ಬಂದಿದ್ದಾಳೆ ಎಂದು ಬೇರೆಯವರು ಅಂದುಕೊಂಡರು. ರೊಟ್ಟಿ ನೀಡಿಸಿಕೊಳ್ಳುವಂತೆ ಬಾಗಿ ನಿನ್ನ ಕಿವಿಯಲ್ಲಿ ಅವಳು ಅಂದದ್ದು ನನಗೆ ಕೇಳಿತು.

"ರೈಲ ಗಾಡಿ ಮೂರೂವರೆಗೆ. ಮೂರು ಹತ್ತಕ್ಕ ನನ್ನ ಅಂಗಡಿ ಹಿಂದ ಬಾ."

ಈಗ ಬರೆಯುವ ಮಾತಿಗೇ ಈ ಕಾಗದ. ನಾನು ತಾಟು ಕೆಳಗಿಟ್ಟು, ಕೈ ತೊಳೆದುಕೊಂಡು ಬರುತ್ತೇನೆಂದು ನೀರಿನ ಟ್ಯಾಂಕಿನ ಹಿಂದೆ ಹೋಗಿ ಮೈಲೇಶನಿಗೆ ಫೋನು ಹಚ್ಚಿದೆ. ಗುರುವಾರದ ಪೇಟೆಯ ಗದ್ದಲದಲ್ಲಿ ಅವನಿಗೆ ಕೇಳಲಿಲ್ಲವೋ ಏನೋ, ಎತ್ತಲಿಲ್ಲ. ಅಷ್ಟಕ್ಕೆ ಸುಮ್ಮನಾಗಿದ್ದರೆ ನನ್ನ ಪಾಲಿನ ಪಾಪ ಅರ್ಧಕ್ಕೆ ನಿಲ್ಲುತ್ತಿತ್ತು. ಸುಮ್ಮನಾಗಲಿಲ್ಲ. ಅವನ ಗೆಳೆಯ ಯಲ್ಲೇಶ ಗೇಟಿನ ಪಕ್ಕದಲ್ಲೇ ಮಿರ್ಚಿ, ಗಿರಮಿಟ್ಟಿನ ಅಂಗಡಿ ಇಟ್ಟಿದ್ದ. ಅವನಿಗೆ ಫೋನು ಮಾಡಿ, "ನಮ್ಮ ಸೊಸಿ ಒಬ್ಬಾಕಿನ ಗೇಟ್ ದಾಟಿದ್ರ ತಡಿ" ಎಂದೆ.

ಯಲ್ಲೇಶ ನಿನ್ನನ್ನು ತಾನೇ ಗುರುತು ಹಿಡಿದು ಕಾಯುತ್ತಿದ್ದ ಎಂದು ಮುಮ್ತಾಜಬಿ ನಿನಗೆ ಹೇಳಿರಬಹುದು. ಅಲ್ಲ. ಅವನನ್ನು ಅಲ್ಲಿ ನಿಲ್ಲಿಸಿದವಳು ನಾನು.

ಯಾಕೆ ಎಂದು ಕೇಳಬಹುದು. ನೀನು ಹೋದರೆ ಅವನ ಸಿಟ್ಟೆಲ್ಲ ನನ್ನ ಮೇಲೆ ಬೀಳುತ್ತದೆ ಎಂಬ ಹೆದರಿಕೆ ಒಂದು. ಇನ್ನೊಂದು, ಅವನು ನನ್ನ ಮಗ. ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳನ್ನೆಲ್ಲ ತಿದ್ದಿದವಳು ಎಂದು ಎಲ್ಲರೂ ನನ್ನನ್ನು ಅಕ್ಕೋರ ಎನ್ನುತ್ತಾರೆ. ನನ್ನ ಮಗನ ಹೆಂಡತಿ ಮನೆ ಬಿಟ್ಟು ಓಡಿದಳು ಎಂದರೆ ಆ ಅಕ್ಕೋರ ಮುಖ ಎಲ್ಲಿಟ್ಟುಕೊಳ್ಳಬೇಕು? ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ನಿನ್ನ ಜೀವದ ವಿಚಾರ ಅದರಲ್ಲಿ ಇರಲಿಲ್ಲ.

ಊಟವಾದ ಮೇಲೆ ಮಲ್ಲಕಂಬ ನೋಡಲು ಹೋದೆವು. ಹೆಣ್ಣುಮಕ್ಕಳ ತಂಡ. ಆ ಹುಡುಗಿಯರು ಕಂಬವನ್ನು ಬಳ್ಳಿಯಂತೆ ಸುತ್ತಿಕೊಂಡು ಏರುತ್ತಿದ್ದರು, ತಲೆ ಕೆಳಗಾಗಿ ನಿಲ್ಲುತ್ತಿದ್ದರು. ಜನವೆಲ್ಲ ಉಸಿರು ಹಿಡಿದಿದ್ದರು. ತುದಿಯಲ್ಲಿದ್ದ ಹುಡುಗಿಯ ಕಾಲು ಜಾರಿ ಅವಳು ಎರಡು ಮಾರು ಕೆಳಗೆ ಬಂದು, ತೊಡೆಯಿಂದ ಕಂಬ ಹಿಡಿದು ನಿಂತಳು. ಎಲ್ಲರ ಕೈಯೂ ಬಾಯಿಗೆ ಹೋಯಿತು. ನಿನ್ನ ಕೈ ಹೊಟ್ಟೆಗೆ ಹೋಯಿತು.

ನಾನು ಕಂಬದ ಕಡೆ ನೋಡುವುದನ್ನು ಬಿಟ್ಟು ನಿನ್ನನ್ನೇ ನೋಡಿದೆ. ಊಟದಲ್ಲಿ ನೀನು ಬದನೆಕಾಯಿ ಪಲ್ಯ ಮುಟ್ಟಿರಲಿಲ್ಲ. ಬೆಳಗ್ಗೆ ಟೆಂಪೊದಲ್ಲಿ ಮೋಟೆಬೆನ್ನೂರು ಬರುವ ಮೊದಲೇ ಕಿಟಕಿ ಪಕ್ಕ ಬೇಕೆಂದು ಕೇಳಿದ್ದೆ. ಸಂಕ್ರಾಂತಿ ಆದಾಗಿನಿಂದ ಹಿತ್ತಲಿಗೆ ಬೇರೆಯವರಿಗಿಂತ ಮೊದಲೇ ಎದ್ದು ಹೋಗುತ್ತಿದ್ದೆ. ಬಸುರಿಯರ ಹೆಸರು ಬರೆದುಕೊಳ್ಳುತ್ತ ಮೂವತ್ತೊಂದು ವರ್ಷ ಕಳೆದವಳು, ದೀಪಾವಳಿಗೆ ಮುಂಚೆ ನಿವೃತ್ತಿಯಾದೆ. ನನ್ನ ಕಣ್ಣಿಗೂ ಅವತ್ತೇ ನಿವೃತ್ತಿ ಆಯಿತೇನೋ! ಅಲ್ಲ, ನೋಡಿದ್ದೆ. ನೋಡಿಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡರೆ ಹೋದ ಶ್ರಾವಣದ್ದು ನೆನಪಿಗೆ ಬರುತ್ತಿತ್ತು.

ಹೋದ ಶ್ರಾವಣ. ಅವನು ಒದ್ದದ್ದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ದವಾಖಾನೆಯಲ್ಲಿ ಡಾಕ್ಟರಮ್ಮ ನಿನ್ನನ್ನು ಕೇಳಿದರು, ನೀನು ನನ್ನ ಮುಖ ನೋಡಿದೆ. ನಿನಗಿಂತ ಮೊದಲು ನಾನು ಬಾಯಿ ಬಿಟ್ಟೆ. "ಬಚ್ಚಲದಾಗ ಜಾರಿ ಬಿದ್ಲರಿ" ಎಂದೆ. ಮರುದಿನ ಅಂಗನವಾಡಿಯ ವಹಿಯಲ್ಲಿ ನಿನ್ನ ಹೆಸರಿನ ಮುಂದೆ, ಇದೇ ಕೈಯಿಂದ, ಬಿದ್ದು ಗರ್ಭಪಾತ ಎಂದು ಬರೆದೆ. ನೀನು ಅದಾದ ಮೇಲೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನು ನಿನ್ನನ್ನು ಬೈದು, ಹಗುರಾಗಿ ಬಿಡುತ್ತಿದ್ದೆ.

ಮಲ್ಲಕಂಬದ ಆ ಹುಡುಗಿ ಮತ್ತೆ ತುದಿ ಮುಟ್ಟಿದಳು. ಜನ ಕೂಗಿದರು. ನಿನ್ನ ಕೈ ಇನ್ನೂ ಅಲ್ಲೇ ಇತ್ತು.

ಉಡಚವ್ವನೇ ತೊಗಲುಗೊಂಬೆಯಾಟ ಶುರುವಾಯಿತೆಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದಳು. ಹಗಲಿಗೇ ಕತ್ತಲೆ ಮಾಡಿದ ಡೇರೆ, ಮುಂದೆ ಬಿಳಿ ಪರದೆ, ಹಿಂದೆ ದೀಪ. ಯಾವ ಕಥೆ ಆಡಿದರೋ ನನಗೆ ನೆನಪಿಲ್ಲ. ಕೆಂಪು ಹಸಿರು ಬಣ್ಣದ ಒಬ್ಬ ರಾಣಿ, ಒಬ್ಬ ಕೋಡಂಗಿ. ಕೋಡಂಗಿ ಬಂದಾಗಲೆಲ್ಲ ಜನ ನಗುತ್ತಿದ್ದರು. ನಿನ್ನ ಮುಂಗೈ ನನ್ನ ಕೈಯಲ್ಲಿತ್ತು, ತಣ್ಣಗಿತ್ತು. ನಾನು ಸೆರಗಿನ ಒಳಗೆ ಫೋನು ಬೆಳಗಿಸಿ ಹೊತ್ತು ನೋಡಿದೆ. ಮೂರಕ್ಕೆ ಎಂಟು ನಿಮಿಷ ಇತ್ತು. ನೀನೂ ಹೊತ್ತು ಎಣಿಸುತ್ತಿದ್ದೀ ಎಂದು ಗೊತ್ತಾಗುತ್ತಿತ್ತು. ನೀನು ಎರಡು ಸಲ ಕೈಯನ್ನು ಮೆಲ್ಲಗೆ ಎಳೆದುಕೊಳ್ಳಲು ನೋಡಿದೆ. ಎರಡೂ ಸಲ ನಾನು ಬಿಡಲಿಲ್ಲ.

ಮೂರನೆಯ ಸಲ ನೀನು ಎಳೆಯಲಿಲ್ಲ. ಸೋತವರ ಕೈಯಂತೆ ನಿನ್ನ ಕೈ ನನ್ನ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿತು. ಅಷ್ಟಾಗುತ್ತಲೇ ನನ್ನ ಬೆರಳುಗಳು ತಾವಾಗಿ ಸಡಿಲವಾದವು. ದೊಡ್ಡ ವಿಚಾರ ಮಾಡಿ ಬಿಟ್ಟೆ ಎಂದು ಹೇಳಿಕೊಳ್ಳಲಾರೆ.

ನಿನ್ನ ಕಿವಿಯಲ್ಲಿ ನಾನು ಅಂದದ್ದು ನಿನಗೆ ನೆನಪಿರಬೇಕು. "ನನಗ ಸೆಕಿ ತಡಿಯಾಕ ಆಗವಲ್ದು, ಹೊರಗ ಗಾಳಿಗೆ ಕುಂದರತೇನಿ. ನಿನಗೂ ನೀರಡಿಕಿ ಆದ್ರ ಎದ್ದು ಹೋಗು. ನಾ ಏನೂ ಅನ್ನಂಗಿಲ್ಲ." ಕತ್ತಲಲ್ಲಿ ನೀನು ನನ್ನ ಕಡೆ ತಿರುಗಿದ್ದು ತಿಳಿಯಿತು. ಮುಖ ಕಾಣಲಿಲ್ಲ. ನಾನು ಎದ್ದು ಹೊರಬಿದ್ದೆ.

ಹೊರಗೆ ಬಂದು ನೇರ ಗೇಟಿಗೆ ಓಡಿದೆ. ಮಾಡಿದ್ದನ್ನು ಬಿಚ್ಚಬೇಕಿತ್ತು.

"ಯಲ್ಲೇಶ, ಇನ್ನ ಕಾಯೂದು ಬ್ಯಾಡಪಾ. ನಾ ಸುಳ್ಳ ಹೆದರಿದ್ದೆ. ಆಕಿ ಅಲ್ಲೇ ಗೊಂಬಿ ಆಟ ನೋಡಾಕತ್ತಾಳ" ಎಂದೆ.

ಅವನು ಬಾಣಲೆಗೆ ಮಿರ್ಚಿ ಬಿಡುತ್ತ, "ಆಗಲೇ ಮೈಲೇಶಗ ಹೇಳಿಬಿಟ್ಟೇನ್ರಿ ಅಕ್ಕೋರ. ಪೇಟಿ ಬಿಟ್ಟು ಬರಾಕತ್ತಾನ. ಅವ ಬರೂತನಕ ನಾ ಇಲ್ಲಿಂದ ಕದಲಂಗಿಲ್ಲ" ಎಂದ.

ಬ್ಯಾಡಗಿಯಿಂದ ಹಾವೇರಿಗೆ ಎಷ್ಟು ಮಹಾ ಹಾದಿ! ಆ ಗೇಟು ಬಿಟ್ಟರೆ ಮೈದಾನಕ್ಕೆ ಬೇರೆ ದಾರಿ ಇರಲಿಲ್ಲ. ಅಷ್ಟರಲ್ಲಿ ಮಳಿಗೆಗಳ ಸಾಲಿನ ತುದಿಯಲ್ಲಿ ಮುಮ್ತಾಜಬಿ ಕಂಡಳು. ಅವಳ ಪಕ್ಕದಲ್ಲಿ ಹಸಿರು ಚೂಡಿದಾರದವಳು, ತಲೆಯ ಮೇಲೆ ದುಪಟ್ಟಾ. ಸೀರೆ ಇರಲಿಲ್ಲ. ಆದರೂ ನಡಿಗೆ ನಿನ್ನದೇ, ಮೂರು ವರ್ಷ ಕಂಡದ್ದಲ್ಲವೇ. ಯಲ್ಲೇಶ ಕರಿಯುವ ಝಾರಿ ಕೆಳಗಿಟ್ಟು, ಕೈ ಒರೆಸಿಕೊಂಡು, ಆ ಕಡೆ ತಿರುಗುವುದರಲ್ಲಿದ್ದ.

ನಾನು ಅಲ್ಲೇ ಬಿದ್ದೆ.

ಮಕ್ಕಳ ಮುಂದೆ ಹುಲಿಯಾಗಿ, ನರಿಯಾಗಿ, ಸತ್ತುಬಿದ್ದ ಜಿಂಕೆಯಾಗಿ ಎಷ್ಟು ವರ್ಷ ನಟಿಸಿಲ್ಲ! ಆ ವಿದ್ಯೆ ಅವತ್ತು ಕೆಲಸಕ್ಕೆ ಬಂತು. ಎದೆಗೆ ಕೈ ಒತ್ತಿಕೊಂಡು, "ಯವ್ವಾ, ಸತ್ತೆ" ಎಂದು ಅವನ ಅಂಗಡಿಯ ಮುಂದೆಯೇ ಉರುಳಿದೆ. ಚುರುಮುರಿಯ ಚೀಲ ನನ್ನ ಮೈಮೇಲೆ ಮಗುಚಿ ಬಿತ್ತು. ಯಲ್ಲೇಶ ಗಾಬರಿಯಾಗಿ ಓಡಿ ಬಂದು ನನ್ನ ತಲೆ ಎತ್ತಿ ಹಿಡಿದ. ಜನ ಸುತ್ತುಗಟ್ಟಿದರು. ಯಾರೋ ನೀರು ಚಿಮುಕಿಸಿದರು, ಯಾರೋ ಈರುಳ್ಳಿ ಮೂಸಿಸಿದರು. ನಾನು ರೆಪ್ಪೆಯ ಸಂದಿಯಿಂದ ಜನರ ಕಾಲುಗಳ ನಡುವೆ ಗೇಟನ್ನೇ ನೋಡುತ್ತಿದ್ದೆ.

ನೀನು ಗೇಟಿನ ತನಕ ಬಂದೆ. ಬಂದವಳು ನಿಂತೆ.

ಮಹೇಶ್ವರಿ, ಆ ಕಾಲುಗಳು ನಿಂತದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮುಮ್ತಾಜಬಿ ನಿನ್ನ ತೋಳು ಎಳೆಯುತ್ತಿದ್ದಳು. ನೀನು ಎರಡು ಹೆಜ್ಜೆ ನನ್ನ ಕಡೆಗೆ ಬಂದೆ. ಬಚ್ಚಲಲ್ಲಿ ಜಾರಿ ಬಿದ್ದಳು ಎಂದವಳು ಬಿದ್ದಿದ್ದಾಳೆ ಎಂದು ನೀನು ಬರುತ್ತಿದ್ದೀ! ಎದ್ದು ಕೂಗಿ ಹೇಳುವಂತಿರಲಿಲ್ಲ, ಸನ್ನೆ ಮಾಡುವಂತಿರಲಿಲ್ಲ. ಯಲ್ಲೇಶನ ಅಂಗಿ ಹಿಡಿದು, ನಿನಗೆ ಕೇಳುವಷ್ಟು ಗಟ್ಟಿಯಾಗಿ ಅರಚಿದೆ.

"ನಮ್ಮ ಮಹೇಶ್ವರಿ ಗೊಂಬಿ ಆಟದ ಡೇರೆದಾಗ ಅದಾಳ! ಆಕೀನ್ನ ಕರಕೊಂಡ ಬಾ! ಲಗೂ ಓಡು ಯಲ್ಲೇಶ!"

ಅವನು ಡೇರೆಯ ಕಡೆಗೆ ಓಡಿದ. ನೀನು ಒಂದು ಕ್ಷಣ ಹಾಗೇ ನಿಂತಿದ್ದೆ. ಆ ಕೂಗು ನಿನಗೆ ಅರ್ಥವಾಯಿತೋ, ಮುಮ್ತಾಜಬಿಯೇ ನಿನ್ನನ್ನು ಎಳೆದಳೋ ನನಗೆ ಗೊತ್ತಿಲ್ಲ. ಮತ್ತೆ ಕಣ್ಣು ತೆರೆದಾಗ ಗೇಟಿನಲ್ಲಿ ನಿನ್ನ ಕಾಲುಗಳು ಇರಲಿಲ್ಲ.

ಇದೇ ಆ ರೋಗ. ನಾಲ್ಕು ಜನ ಎತ್ತಿ ಪ್ರಥಮ ಚಿಕಿತ್ಸೆಯ ಕೋಣೆಗೆ ಒಯ್ದರು. ನರ್ಸಮ್ಮ ಬಿ.ಪಿ. ನೋಡಿ "ಸ್ವಲ್ಪ ಜಾಸ್ತಿ ಐತ್ರಿ, ಮಲಕೊಳ್ರಿ" ಎಂದಳು. ಜಾಸ್ತಿ ಇರದೇ ಏನು. ಮೂರೂವರೆ ಆಯಿತು, ಗಾಡಿ ಹೋಗಿರುತ್ತದೆ ಎಂದು ಉಸಿರು ಬಿಡುವ ಹೊತ್ತಿಗೆ ಪಕ್ಕದ ಮಂಚದ ಹೆಣ್ಣುಮಗಳು ತನ್ನ ಗಂಡನಿಗೆ ಹೇಳುತ್ತಿದ್ದಳು, ಮೂರೂವರೆಯ ಗಾಡಿ ಮುಕ್ಕಾಲು ತಾಸು ತಡವಂತೆ, ಅವಸರ ಮಾಡುವುದು ಬೇಡವಂತೆ. ನೀನು ಸ್ಟೇಷನ್ನಿನಲ್ಲಿ ಕುಳಿತಿದ್ದೀ, ಅವನು ದಾರಿಯಲ್ಲಿದ್ದಾನೆ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮೈಲೇಶ ಬಂದ. ಮೈಮೇಲೆಲ್ಲ ಮೆಣಸಿನಕಾಯಿ ಘಾಟು, ನರ್ಸಮ್ಮ ಕೆಮ್ಮತೊಡಗಿದಳು. ಯಲ್ಲೇಶ ಹಿಂದೆ ನಿಂತಿದ್ದ. ಮಗ ಮೊದಲು ಕೇಳಿದ್ದು ನನ್ನ ಎದೆನೋವನ್ನಲ್ಲ.

"ಎಲ್ಲಿ ಹೋದ್ಲು?"

"ಐರಣಿಗೆ. ಆಕಿ ಅಣ್ಣಗ ಮೈಯಾಗ ಆರಾಮಿಲ್ಲಂತ ಫೋನ್ ಬಂತು, ರಾಣೇಬೆನ್ನೂರ ಬಸ್ ಹತ್ತಿದ್ಲು."

"ನೀ ಬಿದ್ದಾಗ?"

"ಅದಕ್ಕಿಂತ ಮೊದಲ. ಆಕೀನ್ನ ಬಸ್ಸಿಗೆ ಕಳಿಸಿ ಬಂದ ಮ್ಯಾಲೆ ನನಗ ಎದಿ ಹಿಡೀತು."

ಯಲ್ಲೇಶ ಏನೋ ಹೇಳಲು ಬಾಯಿ ತೆರೆದ. ಗೊಂಬೆಯಾಟದ ಡೇರೆಗೆ ನಾನೇ ಅವನನ್ನು ಓಡಿಸಿದ್ದೆನಲ್ಲ. "ನಿನಗ ತಡಿ ಅಂದದ್ದು ಆಕಿ ಅಣ್ಣನ ಸುದ್ದಿ ಬರೂಕಿಂತ ಮೊದಲ. ನೋವಿನ್ಯಾಗ ನಾ ಏನ ಒದರಿದೆನೋ ನನಗ ಖಬರಿಲ್ಲಪಾ" ಎಂದೆ, ಅವನು ಕೇಳುವ ಮೊದಲೇ. ಮೈಲೇಶ ನನ್ನ ಮುಖ ನೋಡಿದ. ಚಿಕ್ಕವನಿದ್ದಾಗಿನಿಂದ ಅವನಿಗೆ ನನ್ನ ಮುಖ ಓದಲು ಬರುತ್ತದೆ.

"ಯಲ್ಲೇಶ, ನಡಿ, ಮೊದಲ ಸ್ಟೇಷನ್ ನೋಡೂನು" ಎಂದ.

ನಾನು ಎದ್ದು ಕುಳಿತು ಅವನ ಕೈ ಹಿಡಿದೆ. "ಸ್ಟೇಷನ್ನಿಗೆ ಹೋಗಿ ಏನ ಮಾಡ್ತಿ? ನಿನ್ನ ಅವ್ವ ಹೇಳಾಕತ್ತೇನಿ. ಬಸ್ ಹತ್ತಿಸಿದಾಕಿ ನಾನ" ಎಂದೆ.

"ಕಾಂತೇಶನ ಆಣಿ ಮಾಡು."

ನಮ್ಮೂರ ಆಂಜನೇಯನ ಹೆಸರು ಹಿಡಿದು ನಾನು ಇವತ್ತಿನವರೆಗೆ ಸುಳ್ಳು ಆಡಿದ್ದಿಲ್ಲ. ಅವನಿಗೂ ಅದು ಗೊತ್ತು, ಅದಕ್ಕೇ ಕೇಳಿದ್ದು. ಅವನ ನೆತ್ತಿಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಹೆತ್ತ ಮಗನ ನೆತ್ತಿಯ ಮೇಲೆ.

ಅವನು ನಂಬಿದ. ಐರಣಿಯ ದಾರಿ ಹಿಡಿದ.

ನಾನು ನರ್ಸಮ್ಮನ ಮಾತು ಕೇಳದೆ ಎದ್ದು ಹೊರಗೆ ಬಂದೆ. ಮುಖ್ಯ ವೇದಿಕೆಯಲ್ಲಿ ನಗೆ ನಾಟಕ ನಡೆದಿತ್ತು. ಉಡಚವ್ವ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು, ಏನೂ ಕೇಳಲಿಲ್ಲ. ಅವಳಿಗೆ ಎಷ್ಟು ಗೊತ್ತಿತ್ತೋ ನನಗೆ ಇಂದಿಗೂ ತಿಳಿಯದು. ನಾಟಕಕ್ಕೆ ಎಲ್ಲರೂ ನಗುತ್ತಿದ್ದರು, ನಾನು ಮುಮ್ತಾಜಬಿಯ ಖಾಲಿ ಮಳಿಗೆಯನ್ನು ನೋಡುತ್ತ ಕುಳಿತಿದ್ದೆ. ಐದಕ್ಕೆ ಕಾಲು ಗಂಟೆ ಇರುವಾಗ ಅವಳು ಒಬ್ಬಳೇ ಬಂದಳು. ಕುರ್ಚಿ ಎಳೆದುಕೊಂಡು ಕುಳಿತು, ಸೂಜಿಗೆ ದಾರ ಪೋಣಿಸಿದಳು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿ, ಒಂದು ಸಲ ಗೋಣು ಹಾಕಿದಳು. ಆಗ ನನಗೆ ಅಳು ಬಂತು. ನಗೆ ನಾಟಕಕ್ಕೆ ಈ ಮುದುಕಿ ಅಳುತ್ತಾಳಲ್ಲ ಎಂದು ಮುಂದಿನ ಸಾಲಿನವರು ತಿರುಗಿ ನೋಡಿದರು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಐರಣಿಯಲ್ಲಿ ನೀನು ಇಲ್ಲ ಎಂದು ಗೊತ್ತಾಗಿ ಅವನು ಮರುದಿನ ಬೆಳಗ್ಗೆ ಮನೆಗೆ ಬಂದ. "ಇದರಾಗ ನಿಂದೂ ಕೈ ಐತಿ" ಎಂದು ನನ್ನ ಮೇಲೆ ಕೈ ಎತ್ತಿದ. ಎತ್ತಿದ ಕೈ ಇಳಿಸಿ, ನಿನ್ನ ಹೊಲಿಗೆ ಯಂತ್ರವನ್ನು ಅಂಗಳಕ್ಕೆ ಎಸೆದ. ನೀನು ಪೊಲೀಸರಿಗೆ ಫೋನು ಮಾಡಿ, ಯಾರೂ ಕರೆದೊಯ್ದಿಲ್ಲ, ನಾನೇ ಹೊರಟೆ ಎಂದು ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಕಾಣೆಯಾಗಿದ್ದಾಳೆ ಎಂದು ನಿನ್ನನ್ನು ಹುಡುಕಿಸುತ್ತಿದ್ದ. ಆಮೇಲೆ ಒಂದು ಅರ್ಜಿ ಬರೆಸಿಕೊಂಡು ಬಂದ. ನೀನು ಪರಗಂಡಸಿನ ಕೂಡ ಓಡಿ ಹೋದೆ ಎಂದು, ಅದಕ್ಕೆ ಸಾಕ್ಷಿ ನಾನು ಎಂದು. ನಾನು ಸಹಿ ಮಾಡಲಿಲ್ಲ. "ನಿನ್ನ ಸಲುವಾಗಿ ಒಮ್ಮೆ ಸುಳ್ಳ ಬರದೇನಿ. ಇನ್ನೊಮ್ಮೆ ಬರಿಯಂಗಿಲ್ಲ" ಎಂದೆ. ಯಾವುದು ಒಮ್ಮೆ ಎಂದು ಅವನು ಕೇಳಲಿಲ್ಲ.

ಬಸುರಿನ ವಿಷಯ ಅವನಿಗೆ ಗೊತ್ತಿಲ್ಲ. ನನ್ನ ಬಾಯಿಂದ ಗೊತ್ತಾಗುವುದಿಲ್ಲ.

ನೀನು ಎಲ್ಲಿದ್ದೀ ಎಂದು ಮುಮ್ತಾಜಬಿಯನ್ನು ನಾನು ಕೇಳಿಲ್ಲ. ಅವಳು ಹೇಳಲು ಬಂದಳು, ಬೇಡ ಎಂದೆ. ಈ ಕಾಗದವೂ ಅವಳ ಕೈಯಿಂದಲೇ ನಿನ್ನನ್ನು ಮುಟ್ಟುತ್ತದೆ. ಅಲ್ಲಿಯ ಅಂಗನವಾಡಿಗೆ ಹೋಗಿ ಮೊದಲು ಹೆಸರು ಬರೆಸು, ತಾಯಿ ಕಾರ್ಡು ಮಾಡಿಸಿಕೊ. ಡಾಕ್ಟರು ಕೇಳಿದರೆ ಹಿಂದಿನದು ಹೇಗಾಯಿತೆಂದು ಇದ್ದದ್ದು ಇದ್ದ ಹಾಗೆ ಹೇಳು, ನನ್ನ ಮಾತನ್ನು ಹೇಳಬೇಡ. ಕಬ್ಬಿಣದ ಗುಳಿಗೆ ಊಟವಾದ ಮೇಲೆ ತೆಗೆದುಕೊ, ಚಹಾದ ಜೊತೆ ಬೇಡ. ಹೊಲಿಗೆಗೆ ಕುಳಿತರೆ ತಾಸಿಗೊಮ್ಮೆ ಎದ್ದು ಓಡಾಡು. ಹಾಡುವುದನ್ನು ಬಿಡಬೇಡ. ನಮ್ಮ ತಂಡಕ್ಕೆ ಎರಡನೆಯ ಬಹುಮಾನ ಬಂದಿದೆ, ಪ್ರಮಾಣಪತ್ರದಲ್ಲಿ ನಿನ್ನ ಹೆಸರೂ ಇದೆ. ಉಡಚವ್ವ ಅದನ್ನು ಸಂಘದ ಗೋಡೆಗೆ ತೂಗು ಹಾಕಿದ್ದಾಳೆ. ಮೈಲೇಶ ಆ ದಾರಿಯಲ್ಲಿ ಹೋಗುವುದನ್ನು ಬಿಟ್ಟಿದ್ದಾನೆ.

ನನ್ನನ್ನು ಕ್ಷಮಿಸು ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲಿನ ಸಾಲಿನಲ್ಲಿ ಕಾಣುತ್ತದೆ. ಅದು ನೀನು ಕೊಡಬೇಕಾದದ್ದು, ನಾನು ಕೇಳುವಂಥದ್ದಲ್ಲ. ಕೊಡದಿದ್ದರೂ ನನ್ನ ಮೇಲೆ ಆಣೆ, ಚೆನ್ನಾಗಿ ಉಣ್ಣು.

ಈ ಕಾಗದಕ್ಕೆ ಉತ್ತರ ಬರೆಯಬೇಡ.

ಇಂತಿ ನಿನ್ನ ಹಿತ ಬಯಸುವ
ದೇವವ್ವ

ತಾ.ಕ.: ಮುಂದೆ ಎಂದಾದರೂ ಇದೇ ಅಕ್ಷರದಲ್ಲಿ, ಇದೇ ಸಹಿಯಲ್ಲಿ, "ಮೈಲೇಶ ಸುಧಾರಿಸಿದ್ದಾನೆ, ಮನೆಗೆ ಬಾ" ಎಂದು ಕಾಗದ ಬಂದರೆ ನಂಬಬೇಡ, ಬರಬೇಡ. ಅವ್ವನನ್ನು ಹೆದರಿಸಿ ಬರೆಸಿರಬೇಕು ಎಂದು ನನಗಾಗಿ ಮರುಗಲೂ ಬೇಡ. ಯಾರೂ ಹೆದರಿಸಿರುವುದಿಲ್ಲ. ಮೊನ್ನೆ ಶುಕ್ರವಾರ ಅವನು ಉಣ್ಣದೆ ನನ್ನ ಮಡಿಲಲ್ಲಿ ತಲೆಯಿಟ್ಟು, "ಆಕೀನ್ನ ಕರಸವ್ವಾ, ಇನ್ನ ಕೈ ಎತ್ತಂಗಿಲ್ಲ" ಎಂದು ಅತ್ತ. ಶನಿವಾರ ಅಂಥದೊಂದು ಕಾಗದವನ್ನು ನಾನೇ, ಮೊಮ್ಮಗುವನ್ನು ಎತ್ತಿಕೊಳ್ಳುವ ಆಸೆಗೆ ಬಿದ್ದು, ಮೂರು ಪುಟ ಬರೆದಿದ್ದೆ. ಇವತ್ತು ಬೆಳಗ್ಗೆ ಒಲೆಗೆ ಹಾಕಿದೆ.